ಮಗು ಕೈಯಿಂದ ಮೊಬೈಲ್ ಕಿತ್ಕೋಬೇಡಿ



"ಎಸ್‌ಸಿ, ಎಸ್‌ಟಿ ಮಕ್ಕಳು ಸ್ಕಾಲರ್‌ಶಿಪ್‌ಗೆ ಜಾತಿ ಪ್ರಮಾಣಪತ್ರ ತನ್ನಿ" ಅಂತ ಮೇಷ್ಟ್ರು ಇಡೀ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹೆಸರುಪಟ್ಟಿ ಹಾಕಿಬಿಡ್ತಾರೆ. ಅವರ ಕೆಲಸ ಮುಗೀತು. ರಾತ್ರಿ ಅದೇ ಪಟ್ಟಿ, ಮಕ್ಕಳೇ ಮಾಡ್ಕೊಂಡಿರೋ ಇನ್ನೊಂದು ಗ್ರೂಪಿನಲ್ಲಿ ಓಡಾಡುತ್ತೆ. 'ಕೋಟಾ ಗಿರಾಕಿ' ಅಂತ ಸ್ಟಿಕರ್, ಡಿಪಿ ಕದ್ದು ಮೀಮ್, ಅಪ್ಪನ ಕಸುಬಿನ ಮೇಲೆ ಜೋಕು. ಬಾಲಕ ಭೀಮರಾವ್ ಶಾಲೆಯಲ್ಲಿ ಬೇರೆ ಗೋಣಿತಟ್ಟಿನ ಮೇಲೆ ಕೂರಬೇಕಿತ್ತು, ಸಂಜೆ ಅದನ್ನ ಮನೆಗೂ ಹೊತ್ತು ತರಬೇಕಿತ್ತು. ನಮ್ಮ ಮಕ್ಕಳೂ ಅದನ್ನ ಮನೆಗೆ ತರ್ತಿದ್ದಾರೆ, ಜೇಬಿನಲ್ಲಿ.

ವಿಷಯ ಗೊತ್ತಾದ ಕೂಡಲೇ ನಾವೇನು ಮಾಡ್ತೀವಿ? ಮಗುವಿನ ಮೊಬೈಲ್ ಕಿತ್ಕೋತೀವಿ. ಬೈದವನ ಮೊಬೈಲ್ ಬೈದವನ ಹತ್ರಾನೇ ಇರುತ್ತೆ! ಹುಡುಗಿಯಾದ್ರೆ ಮೊಬೈಲ್ ಹಿಂದೆಯೇ ಸ್ಕೂಲೂ ಹೋಗುತ್ತೆ, ಗಂಡು ಹುಡುಕೋಕೆ ಶುರು. ಹೀಗಿರುವಾಗ ಯಾವ ಮಗು ಬಾಯಿ ಬಿಟ್ಟೀತು?

ಮೊದಲು ಪಕ್ಕದಲ್ಲಿ ಕೂತು ಪೂರ್ತಿ ಕೇಳಿ. ಮುಂದೇನು ಮಾಡೋಣ ಅಂತ ಮಗುವನ್ನೇ ಕೇಳಿ. ಊಟ, ಮಾತು ಬಿಟ್ಟು ಮಂಕಾಗಿದ್ರೆ ಒಂಟಿಯಾಗಿ ಬಿಡಬೇಡಿ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕಳಿಸಿದವನು ಮೆಸೇಜ್ ಅಳಿಸೋದರೊಳಗೆ ಸ್ಕ್ರೀನ್‌ಶಾಟ್ ತೆಗೀರಿ. ಬರೀ ಹೆಸರು ಸಾಲದು, ನಂಬರು, ತಾರೀಕು, ಸಮಯ ಕಾಣಬೇಕು.

ಆಮೇಲೆ ಅರ್ಜಿ. ಗುಮಾಸ್ತನಾಗಿ ಹೇಳ್ತಿದ್ದೀನಿ, ಬಾಯಿಮಾತಿನ ದೂರಿಗೆ ಯಾವ ಆಫೀಸಿನಲ್ಲೂ ಕಡತ ತೆರೆಯಲ್ಲ. ಎರಡು ಪ್ರತಿ ಬರೀರಿ, ಒಂದು ಹೆಡ್‌ಮಾಸ್ಟರಿಗೆ, ಇನ್ನೊಂದಕ್ಕೆ ಸೀಲು, ತಾರೀಕು, ಸಹಿ ಹಾಕಿಸಿಕೊಂಡು ನೀವಿಟ್ಕೊಳ್ಳಿ. ಅರ್ಜಿಯಲ್ಲಿ 'ಕೀಟಲೆ' ಅಂತ ಬರೀಬೇಡಿ, 'ಜಾತಿನಿಂದನೆ' ಅಂತ್ಲೇ ಬರೀರಿ. ಆ ಒಂದು ಪದ ತಪ್ಪಿಸೋಕೇ ಸ್ಟಾಫ್‌ರೂಮಿನಲ್ಲಿ ಕಾಫಿ ಕೊಟ್ಟು ಕೂರಿಸ್ತಾರೆ.

"ಮಕ್ಕಳಾಟ ಬಿಡಿ ಸಾರ್" ಅಂತಾರೆ. ಹದಿನೈದು ವರ್ಷದ ಹುಡುಗನನ್ನ ಒಳಗೆ ಹಾಕಿಸೋ ಹಟ ನನಗಿಲ್ಲ. ಆ ಮಾತನ್ನ ಅವನು ತನ್ನ ಮನೆಯ ಊಟದ ಹೊತ್ತಲ್ಲೇ ಕಲಿತಿರ್ತಾನೆ. ಆದ್ರೆ ಕೈ ಕುಲುಕಿಸಿ ಕಳಿಸೋ ರಾಜಿಗೂ ನಾನಿಲ್ಲ. ಅವನ ಅಪ್ಪ ಅಮ್ಮನನ್ನ ಕರೆಸಬೇಕು, ನಡೆದದ್ದು ಶಾಲೆಯ ದಾಖಲೆಗೆ ಹೋಗಬೇಕು, ಬೈಗುಳ ಓಡಾಡಿದ ಗ್ರೂಪಿನಲ್ಲೇ ಕ್ಷಮೆ ಬರಬೇಕು. ಶಾಲೆ ಕೈಚೆಲ್ಲಿದ್ರೆ 1989ರ ಅಟ್ರಾಸಿಟಿ ಕಾಯ್ದೆ ಇದೆ, ಸೆಕ್ಷನ್ 3(1)(ಆರ್) ಮತ್ತು (ಎಸ್). ಆನ್‌ಲೈನ್ ನಿಂದನೆಗೂ ಇದು ಅನ್ವಯಿಸುತ್ತೆ ಅಂತ 2022ರಲ್ಲಿ ಕೇರಳ ಹೈಕೋರ್ಟ್ ಒಂದು ವಿಡಿಯೋ ಪ್ರಕರಣದಲ್ಲಿ ಹೇಳಿದೆ. ಬೈದವನಿಗೆ 18 ತುಂಬಿರದಿದ್ರೆ ವಿಷಯ ಬಾಲನ್ಯಾಯ ಮಂಡಳಿಗೆ ಹೋಗುತ್ತೆ, ಜೈಲಿಗಲ್ಲ. ಹಾಗಾಗಿ "ಆ ಹುಡುಗನ ಭವಿಷ್ಯ ಹಾಳು" ಅನ್ನೋ ಗುಮ್ಮಕ್ಕೆ ಹೆದರಬೇಡಿ. ನಮ್ಮ ಮಗುವಿನ ಭವಿಷ್ಯದ ಬಗ್ಗೆ ಅವರು ಕೇಳಿದ್ರಾ? ಸಹಾಯಕ್ಕೆ 1098, ದೌರ್ಜನ್ಯದ ದೂರಿಗೆ 14566.

ಕೂಲಿ ಬಿಟ್ಟು ಒಬ್ಬಳೇ ಬರೋ ತಾಯಿಯನ್ನ ಹೆಡ್‌ಮಾಸ್ಟರ ರೂಮಿನ ಹೊರಗೇ ನಿಲ್ಲಿಸ್ತಾರೆ. ಜೊತೆಗೆ ನಮ್ಮವರು ಇಬ್ಬರಾದ್ರೂ ಹೋಗಿ. ಇನ್ನೊಂದು ಕೆಲಸಕ್ಕೆ ಯಾವ ಘಟನೆಗೂ ಕಾಯಬೇಕಿಲ್ಲ: ಸ್ಕಾಲರ್‌ಶಿಪ್ ಪಟ್ಟಿ ಗ್ರೂಪಿಗೆ ಹಾಕಬೇಡಿ, ಪೋಷಕರಿಗೆ ನೇರವಾಗಿ ತಿಳಿಸಿ ಅಂತ ನಿಮ್ಮೂರ ಶಾಲೆಗೆ ಈ ವಾರವೇ ಅರ್ಜಿ ಕೊಡಿ. ನಮೂನೆ ಟೈಪ್ ಮಾಡಿಟ್ಟಿದ್ದೀನಿ, ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ.