ಜಾಲತಾಣದ ದಲಾಲಿ

ಮಿಕ್ಸರನ್ನೋ ತೋಟದ ಪಂಪನ್ನೋ, ಯಾವುದಾದರೂ ಒಂದೇ ಬಗೆಯ ಸರಕನ್ನು ಕುರಿತು ಜಾಲತಾಣದಲ್ಲಿ ಬರೆದು, ಓದಿದವರು ಅಲ್ಲಿಯ ಕೊಂಡಿಯ ಮೂಲಕ ಅದನ್ನು ಕೊಂಡಾಗ ಮಾರಾಟಗಾರರಿಂದ ಕಮಿಷನ್ ಪಡೆಯುವ ಉದ್ಯೋಗವು ನಮ್ಮ ವಿದ್ಯಾವಂತ ತರುಣರನ್ನೂ ಆಕರ್ಷಿಸಿದೆ. ದಲಾಲಿಯು ಹೀನವೃತ್ತಿಯೆಂದು ನಾವೆಣಿಸುವುದಿಲ್ಲ; ಅಡತಿ ಅಂಗಡಿಗಳಿಲ್ಲದೆ ನಮ್ಮ ಪೇಟೆಗಳೇ ನಡೆಯವು. ಆದರೆ ಅಡತಿಯವನು ದಲಾಲನೆಂಬುದು ಊರಿಗೆಲ್ಲ ಗೊತ್ತು. ಇಲ್ಲಿ ದಲಾಲನು ಪರೀಕ್ಷಕನ ವೇಷದಲ್ಲಿ ಬರುತ್ತಾನೆ. ಸರಕನ್ನು ಕಣ್ಣಿನಿಂದ ಕಾಣದೆಯೇ 'ಅತ್ಯುತ್ತಮವಾದ ಹತ್ತು' ಎಂದು ಪಟ್ಟಿ ಬರೆಯುವ ಪುಣ್ಯಾತ್ಮರೂ ಉಂಟು. ಕಮಿಷನ್ ಹೆಚ್ಚಿದ್ದುದೇ ಆ ಪಟ್ಟಿಯ ತಲೆಯನ್ನೇರಿದರೆ ಆಶ್ಚರ್ಯವೇನು? ಶಿಫಾರಸು ಮಾಡುವವನು ಮಾರಾಟಗಾರನೊಡನೆ ತನಗಿರುವ ಹಣದ ಸಂಬಂಧವನ್ನು ಮರೆಮಾಚಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಗಳು ವಿಧಿಸಿವೆ. ಅದನ್ನು ಪುಟದ ತಳದಲ್ಲಿ ಸಣ್ಣಕ್ಷರಗಳಲ್ಲಿ ಹುದುಗಿಸಿದರೆ ಸಾಲದು. ಮೊದಲ ಸಾಲಿನಲ್ಲಿಯೇ, ಕನ್ನಡದ ಬರಹವಾದರೆ ಕನ್ನಡದಲ್ಲಿಯೇ, ಹೇಳತಕ್ಕದ್ದು.

ಇದನ್ನೊಂದೇ ಜೀವನೋಪಾಯವೆಂದು ನಂಬುವ ತರುಣರು ಇನ್ನೊಂದನ್ನೂ ಗಮನಿಸಬೇಕು. 1996ರಲ್ಲಿ ಈ ಪದ್ಧತಿಯನ್ನು ಕೈಗೊಂಡು ಹಬ್ಬಿಸಿದ ಅಮೆಜಾನ್ ಸಂಸ್ಥೆಯು 2020ರ ಏಪ್ರಿಲಿನಲ್ಲಿ ಅಮೆರಿಕದಲ್ಲಿ ಪೀಠೋಪಕರಣಗಳ ಕಮಿಷನ್ನನ್ನು ನೂರಕ್ಕೆ 8ರಿಂದ 3ಕ್ಕೆ ಇಳಿಸಿತು. ಬರೆದವರನ್ನು ಯಾರೂ ಕೇಳಲಿಲ್ಲ.