ಕಾಲಿಗೆ ಎಣ್ಣೆ ಮಾತ್ರ ಸಾಲದು, ಬಲವೂ ಬೇಕು

ನಿಮ್ಮ ಮನೆಯಲ್ಲಿ ಮುಸಲ್ಲಾ ಹಾಸುವ ಜಾಗಕ್ಕೆ ಪ್ಲಾಸ್ಟಿಕ್ ಕುರ್ಚಿ ಬಂದಿದೆಯೇ? ಬಂದಿದ್ದರೆ ಅದರಲ್ಲಿ ಕುಳಿತು ನಮಾಝ್ ಮಾಡುವವರು ಯಾರು? ನನ್ನ ಬಳಿಗೆ ಚಿಕಿತ್ಸೆಗೆ ಬರುವ ಕುಟುಂಬಗಳಲ್ಲಿ ಈ ಪ್ರಶ್ನೆ ಕೇಳಿದರೆ ಹೆಚ್ಚಾಗಿ ಸಿಗುವ ಉತ್ತರ 'ಅಜ್ಜಿ' ಎಂದಲ್ಲ, 'ಅಮ್ಮ' ಎಂದು. ಐವತ್ತು, ಐವತ್ತೈದರ ಅಮ್ಮ. ಆಕೆಗಿಂತ ಹಿರಿಯರಾದ ಅಪ್ಪ ಇನ್ನೂ ನೆಲದಲ್ಲೇ ಸುಜೂದ್ ಮಾಡುತ್ತಿರುತ್ತಾರೆ.

ಕುರ್ಚಿಯಲ್ಲಿ ನಮಾಝ್ ಮಾಡುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆಗದವರಿಗೆ ದೀನ್ ಸ್ವತಃ ರಿಯಾಯಿತಿ ನೀಡಿದೆ. ವೈದ್ಯನಾಗಿ ನಾನು ಕೇಳುವ ಪ್ರಶ್ನೆ ಬೇರೆ: ಆ ಕುರ್ಚಿ ಇಷ್ಟು ಬೇಗ ಏಕೆ ಬಂತು?

'ವಯಸ್ಸಾಯಿತಲ್ಲ' ಎಂಬುದು ಅರ್ಧ ಉತ್ತರ. ಮೂವತ್ತು ದಾಟಿದ ಬಳಿಕ ಬಳಸದ ಸ್ನಾಯುಗಳು ನಿಧಾನವಾಗಿ ಕರಗತೊಡಗುತ್ತವೆ. ಮುಟ್ಟು ನಿಂತ ಮೇಲೆ ಹೆಣ್ಣಿನ ದೇಹದಲ್ಲಿ ಈಸ್ಟ್ರೋಜನ್ ಕಡಿಮೆಯಾಗಿ ಮೂಳೆಗಳೂ ಬೇಗ ಸವೆಯುತ್ತವೆ. ಮಂಡಿಯನ್ನು ಹಿಡಿದು ನಿಲ್ಲಿಸುವುದು ತೊಡೆಯ ಮುಂಭಾಗದ ದೊಡ್ಡ ಸ್ನಾಯು. ಅದು ಸೊರಗಿದರೆ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ, ನೋವು ಶುರುವಾಗುತ್ತದೆ. ನೋವಿಗೆ ಹೆದರಿ ನೆಲದಲ್ಲಿ ಕೂರುವುದನ್ನು, ಮೆಟ್ಟಿಲು ಹತ್ತುವುದನ್ನು ಬಿಡುತ್ತೇವೆ. ಬಿಟ್ಟಷ್ಟೂ ತೊಡೆ ಇನ್ನಷ್ಟು ಸೊರಗುತ್ತದೆ. ಈ ಸುತ್ತು ಮುರಿಯಬೇಕಾದರೆ ಸ್ನಾಯುವಿಗೆ ಬಲ ತುಂಬಲೇಬೇಕು.

ಇಷ್ಟು ಹೇಳುವಷ್ಟರಲ್ಲಿ ಸಹೋದರಿಯರಿಂದ ಒಂದು ಮಾತು ಬಂದೇ ಬರುತ್ತದೆ: 'ಡಾಕ್ಟ್ರೇ, ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತೇ ಇರುತ್ತೇವೆ. ಇದಕ್ಕಿಂತ ದೊಡ್ಡ ವ್ಯಾಯಾಮ ಬೇಕೇ?'

ನೀವು ದಣಿಯುತ್ತೀರಿ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ದಣಿವು ಬೇರೆ, ಬಲ ಬೇರೆ. ಸುಮಾರು ಸಾವಿರ ವರ್ಷಗಳ ಹಿಂದೆಯೇ ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ರಿಯಾಝತ್, ಅಂದರೆ ವ್ಯಾಯಾಮವನ್ನು ಎರಡಾಗಿ ವಿಂಗಡಿಸಿದ್ದರು. ಒಂದು, ಬದುಕಿನ ಕೆಲಸಗಳ ನಡುವೆ ತಾನಾಗಿ ಆಗುವ ಶ್ರಮ. ಇನ್ನೊಂದು, ಅದರ ಲಾಭಕ್ಕಾಗಿಯೇ ಉದ್ದೇಶಪೂರ್ವಕವಾಗಿ ಮಾಡುವ ವ್ಯಾಯಾಮ. ಅಡುಗೆಮನೆಯಲ್ಲಿ ನಿಲ್ಲುವುದು ಮೊದಲನೆಯದು. ಅದು ಸ್ನಾಯುವನ್ನು ದಿನವಿಡೀ ಒಂದೇ ಮಟ್ಟದಲ್ಲಿ ದುಡಿಸುತ್ತದೆ. ಆದರೆ ಸ್ನಾಯು ಬೆಳೆಯುವುದು ಅದರ ಮೇಲಿನ ಭಾರ ಹಂತಹಂತವಾಗಿ ಏರಿದಾಗ, ನಡುವೆ ವಿಶ್ರಾಂತಿಯೂ ಸಿಕ್ಕಾಗ. ಮನೆಗೆಲಸದಲ್ಲಿ ಈ ಎರಡೂ ಇಲ್ಲ.

ನಮಾಝ್‌ನ ವಿಷಯವೂ ಕೆಲವರು ಹೇಳುತ್ತಾರೆ. ಫರ್ಝ್ ನಮಾಝ್‌ಗಳಲ್ಲೇ ದಿನಕ್ಕೆ 17 ರಕಅತ್‌ಗಳಿವೆ. ಈ ಬಾಗುವಿಕೆ, ಏಳುವಿಕೆಯಿಂದ ಕೀಲುಗಳು ಸಡಿಲವಾಗಿರುತ್ತವೆ ಎಂಬುದು ನಿಜ. ಆದರೆ ನಮಾಝ್ ಇಬಾದತ್. ಅದನ್ನು ವ್ಯಾಯಾಮದ ಲೆಕ್ಕಕ್ಕೆ ಇಳಿಸುವುದು ಸರಿಯಲ್ಲ. ಆ ಇಬಾದತ್ತನ್ನು ಎಪ್ಪತ್ತರಲ್ಲೂ ನೆಲದಲ್ಲೇ ಮಾಡುವಂತಾಗಲು ಕಾಲುಗಳನ್ನು ಈಗಲೇ ಸಜ್ಜುಗೊಳಿಸುವುದು ಸರಿಯಾದ ದಾರಿ.

ಇನ್ನು ಎಣ್ಣೆಯ ವಿಷಯ. ಯುನಾನಿ ವೈದ್ಯರ ಬಳಿಗೆ ಬಂದರೆ ಒಳ್ಳೆಯ ರೋಗನ್ ಸಿಗುತ್ತದೆ, ತಿಕ್ಕಿಸಿಕೊಂಡರೆ ಮಂಡಿ ನೋವು ಹೋಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ನಾನೂ ಎಣ್ಣೆ ಕೊಡುತ್ತೇನೆ. ಅದರಿಂದ ಆರಾಮ ಸಿಗುತ್ತದೆ. ಆದರೆ ನಮ್ಮ ತಿಬ್ಬ್‌ನಲ್ಲಿ ದಲ್ಕ್, ಅಂದರೆ ಮಾಲೀಶು, ರಿಯಾಝತ್‌ನ ಜೊತೆಗಾರ. ವ್ಯಾಯಾಮಕ್ಕೆ ಮೊದಲು ದೇಹವನ್ನು ಸಿದ್ಧಪಡಿಸುವ ಮಾಲೀಶು ಮತ್ತು ವ್ಯಾಯಾಮದ ನಂತರ ದಣಿವಾರಿಸುವ ಮಾಲೀಶು ಎಂದು ಹಳೆಯ ಗ್ರಂಥಗಳು ಹೇಳುತ್ತವೆ. ನಾವು ನಡುವಿನ ವ್ಯಾಯಾಮವನ್ನು ಬಿಟ್ಟು ಮಾಲೀಶನ್ನು ಮಾತ್ರ ಉಳಿಸಿಕೊಂಡೆವು. ಆರೋಗ್ಯಕ್ಕೆ ಅಗತ್ಯವಾದ ಆರು ಅಂಶಗಳಲ್ಲಿ, ಅಂದರೆ ಅಸ್ಬಾಬೆ ಸಿತ್ತಾ ಝರೂರಿಯಾದಲ್ಲಿ, ದೇಹದ ಚಲನೆ ಮತ್ತು ವಿಶ್ರಾಂತಿಯೂ ಒಂದು. ಎಣ್ಣೆಯ ಬಾಟಲಿ ಅದರ ಸ್ಥಾನ ತುಂಬಲಾರದು.

ಆಧುನಿಕ ವೈದ್ಯಕೀಯವೂ ಇದನ್ನೇ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರು ನಡಿಗೆಯಂಥ ವ್ಯಾಯಾಮದ ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮವನ್ನೂ ಮಾಡಬೇಕು. ಈ ಸಲಹೆ ಗಂಡಸರಿಗೆ ಮಾತ್ರ ಇರುವುದಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಇದರಿಂದ ಇನ್ನೊಂದು ಲಾಭವಿದೆ. ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯುಗಳು, ದೇಹದ ಅತಿ ದೊಡ್ಡ ಸ್ನಾಯುಗಳಿರುವುದು ಸೊಂಟದ ಕೆಳಗೆ.

ನಿಮ್ಮ ಕಾಲಿನ ಬಲ ಎಷ್ಟಿದೆ ಎಂದು ಈಗಲೇ ನೋಡಬಹುದು. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿಡಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಲಾಗುತ್ತದೆ ಎಂದು ಎಣಿಸಿ. 60ರಿಂದ 64 ವಯಸ್ಸಿನ ಮಹಿಳೆಗೆ 12 ಸಲವೂ ಆಗದಿದ್ದರೆ ಕಾಲಿನ ಬಲ ಸರಾಸರಿಗಿಂತ ಕಡಿಮೆ, ಬೀಳುವ ಅಪಾಯ ಹೆಚ್ಚು ಎಂದರ್ಥ. ನಲವತ್ತರವರು ಅಷ್ಟಕ್ಕೇ ಏದುಸಿರು ಬಿಟ್ಟರೆ ಅದನ್ನು ಎಚ್ಚರಿಕೆ ಎಂದು ತಿಳಿಯಿರಿ.

ಜಿಮ್ ಬೇಕಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡರೆ ಪರ್ದಾದ ಚಿಂತೆಯೂ ಇಲ್ಲ. ವಾರದಲ್ಲಿ ಎರಡು ದಿನ, ನಡುವೆ ಒಂದೆರಡು ದಿನ ಬಿಟ್ಟು, ಅರ್ಧ ಗಂಟೆ ಸಾಕು. ಐದು ನಿಮಿಷ ಕೋಣೆಯಲ್ಲೇ ನಡೆದು ಮೈ ಬೆಚ್ಚಗಾದ ಮೇಲೆ ಈ ನಾಲ್ಕನ್ನು ಮಾಡಿ.

ಮೊದಲನೆಯದು, ಕುರ್ಚಿಯಿಂದ ಎದ್ದು ಕೂರುವುದು. ಕೂರುವಾಗ ದೊಪ್ಪನೆ ಬೀಳದೆ ಮೂರು ಎಣಿಸುತ್ತಾ ನಿಧಾನವಾಗಿ ಇಳಿಯಿರಿ. ಎರಡನೆಯದು, ಅಂಗಾತ ಮಲಗಿ ಮಂಡಿ ಮಡಚಿ, ಪಾದಗಳನ್ನು ನೆಲಕ್ಕೂರಿ ಸೊಂಟವನ್ನು ಮೇಲೆತ್ತಿ ಇಳಿಸುವುದು. ಮೂರನೆಯದು, ಅಡುಗೆ ಕಟ್ಟೆ ಹಿಡಿದು ನಿಂತು ಹಿಮ್ಮಡಿ ಎತ್ತಿ ಇಳಿಸುವುದು. ನಾಲ್ಕನೆಯದು, ಗೋಡೆ ಅಥವಾ ಕೈಪಿಡಿ ಹಿಡಿದು ಒಂದು ಮೆಟ್ಟಿಲು ಹತ್ತಿ ಇಳಿಯುವುದು, ಎರಡೂ ಕಾಲಿಗೆ ಸಮನಾಗಿ.

ಪ್ರತಿಯೊಂದನ್ನೂ 8ರಿಂದ 12 ಸಲ ಮಾಡಿ, ಸ್ವಲ್ಪ ಸುಧಾರಿಸಿಕೊಂಡು ಇನ್ನೊಂದು ಸುತ್ತು ಮಾಡಿ. ಕೊನೆಯ ಎರಡು ಸಲ ಕಷ್ಟ ಅನಿಸಬೇಕು. 12 ಸಲ ಸುಲಭವಾಗಿಬಿಟ್ಟರೆ ಅಲ್ಲಿಗೇ ನಿಲ್ಲಬೇಡಿ, ಭಾರ ಸೇರಿಸಿ. ಒಂದು ಲೀಟರ್ ನೀರಿನ ಬಾಟಲಿಗಳಿಂದ ಶುರುಮಾಡಿ, ತಿಂಗಳುಗಳು ಕಳೆದಂತೆ ಎದೆಗವಚಿಕೊಂಡ 5 ಕೆ.ಜಿ. ಅಕ್ಕಿಯ ಚೀಲದವರೆಗೆ ಹೋಗಬಹುದು. ಉಸಿರು ಬಿಗಿಹಿಡಿಯಬೇಡಿ, ಎತ್ತುವಾಗ ಉಸಿರು ಹೊರಬಿಡಿ. ಮರುದಿನ ತೊಡೆ ಸ್ವಲ್ಪ ನೋಯುವುದು ಸಹಜ. ಕೀಲಿನಲ್ಲಿ ಚುಚ್ಚುವ ನೋವು, ಬಾವು ಬಂದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಹೃದ್ರೋಗ, ಹತೋಟಿಯಲ್ಲಿಲ್ಲದ ರಕ್ತದೊತ್ತಡ ಇರುವವರು, ಗರ್ಭಿಣಿಯರು, ಇತ್ತೀಚೆಗೆ ಹೆರಿಗೆ ಅಥವಾ ಶಸ್ತ್ರಚಿಕಿತ್ಸೆ ಆದವರು, ಮೂಳೆ ಸವೆತ ಇರುವವರು ಮೊದಲು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಮುಟ್ಟಿನ ದಿನಗಳಲ್ಲಿ ಮಾಡಬಾರದೆಂದೇನೂ ಇಲ್ಲ, ದೇಹ ಒಪ್ಪಿದಷ್ಟು ಮಾಡಿ. ರಮಝಾನ್‌ನಲ್ಲಿ ಇಫ್ತಾರ್ ಆಗಿ ಎರಡು ಗಂಟೆಯ ನಂತರ ಮಾಡಿಕೊಳ್ಳಬಹುದು.

'ಕಾಲು ಗಂಡಸರ ಹಾಗೆ ದಪ್ಪಗಾದರೆ?' ಎಂದು ಮದುವೆಯಾಗದ ಹೆಣ್ಣುಮಕ್ಕಳ ತಾಯಂದಿರು ಕೇಳುತ್ತಾರೆ. ಹೆಣ್ಣಿನ ದೇಹದಲ್ಲಿ ಟೆಸ್ಟೋಸ್ಟಿರಾನ್ ಬಹಳ ಕಡಿಮೆ. ಈ ವ್ಯಾಯಾಮದಿಂದ ಹಾಗಾಗುವುದಿಲ್ಲ. ಹುಡುಗಿಯರು ಇಪ್ಪತ್ತರಲ್ಲೇ ಕೂಡಿಟ್ಟ ಮೂಳೆ ಮತ್ತು ಸ್ನಾಯು ಮುಂದಿನ ಬದುಕಿಗೆ ಉಳಿತಾಯದ ಹಣವಿದ್ದಂತೆ.

ಈಗ ಮನೆಯ ಗಂಡಸರಿಗೆ ಎರಡು ಮಾತು. ಹೆಂಡತಿಯ ಮಂಡಿ ನೋವಿಗೆ ಔಷಧಿಗೆಂದು ಸಾವಿರಾರು ರೂಪಾಯಿ ಖರ್ಚು ಮಾಡಲು ನೀವು ಹಿಂದೆಮುಂದೆ ನೋಡುವುದಿಲ್ಲ. ಆದರೆ ವಾರಕ್ಕೆ ಎರಡು ಸಲ ಅರ್ಧ ಗಂಟೆ ಆಕೆಯನ್ನು ಯಾರೂ ಕರೆಯದಂತೆ ನೋಡಿಕೊಳ್ಳುವಿರಾ? ಆ ಅರ್ಧ ಗಂಟೆ ಚಹಾ ನೀವೇ ಮಾಡಿಕೊಳ್ಳಿ, ಮಗುವನ್ನು ನೀವೇ ಎತ್ತಿಕೊಳ್ಳಿ. ಊಟದ ವಿಷಯವನ್ನೂ ಗಮನಿಸಿ. ಸ್ನಾಯು ಬೆಳೆಯಲು ಪ್ರೋಟೀನ್ ಬೇಕು. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಸಾರು ಮತ್ತು ಅನ್ನ ಉಣ್ಣುವ ಹೆಂಗಸಿನ ತಟ್ಟೆಗೆ ಮೀನಿನ ತುಂಡು, ಮೊಟ್ಟೆ, ಕಡಲೆ ಬಿದ್ದಿದೆಯೇ ಎಂದು ಒಮ್ಮೆ ನೋಡಿ.

ಪ್ರವಾದಿ(ಸ)ರು ಪತ್ನಿ ಆಯಿಷಾ(ರ)ರೊಂದಿಗೆ ಓಟದ ಸ್ಪರ್ಧೆ ನಡೆಸಿದ ವಿಷಯ ಹದೀಸ್‌ನಲ್ಲಿದೆ. ಹೆಣ್ಣು ಬಲಿಷ್ಠಳಾಗಿರುವುದನ್ನು ಸಂಕೋಚದ ವಿಷಯವಾಗಿ ನೋಡುವ ಅಭ್ಯಾಸ ನಮಗೆ ಅಲ್ಲಿಂದ ಬಂದದ್ದಲ್ಲ.

ವರ್ಷಗಟ್ಟಲೆ ಹಣ ಕೂಡಿಟ್ಟು ಉಮ್ರಾಕ್ಕೆ ಹೋಗುವ ತಾಯಂದಿರಿದ್ದಾರೆ. ಸಫಾ ಮತ್ತು ಮರ್ವಾ ನಡುವಿನ ಏಳು ಸುತ್ತು ಸೇರಿದರೆ 3 ಕಿ.ಮೀ.ಗೂ ಹೆಚ್ಚು. ಅದರ ಜೊತೆಗೆ ತವಾಫ್. ಪಾಸ್‌ಪೋರ್ಟ್, ಟಿಕೆಟ್‌ಗಳ ಸಿದ್ಧತೆ ಮಾಡುವ ನಾವು ಕಾಲಿನ ಸಿದ್ಧತೆ ಮಾಡುವುದಿಲ್ಲ. ಅಷ್ಟು ದೂರದ ಮಾತೂ ಬೇಡ. ಬಚ್ಚಲಲ್ಲಿ ಜಾರಿದಾಗ ಸಾವರಿಸಿಕೊಳ್ಳುವುದು, ಬೇರೆಯವರ ಕೈ ಹಿಡಿಯದೆ ಶೌಚಾಲಯದಲ್ಲಿ ಎದ್ದು ನಿಲ್ಲುವುದು, ಇವೆಲ್ಲ ತೊಡೆಯ ಬಲದ ಮೇಲೆಯೇ ನಿಂತಿವೆ. ಮುದಿ ವಯಸ್ಸಿನಲ್ಲಿ ಮರ್ಯಾದೆ ಉಳಿಯುವುದು ಇಂಥ ಸಣ್ಣ ವಿಷಯಗಳಲ್ಲಿ.

ಈ ವಾರವೇ ಎರಡು ದಿನ ಗೊತ್ತುಮಾಡಿಕೊಳ್ಳಿ. ಅಮ್ಮ, ಮಗಳು, ಸೊಸೆ ಒಟ್ಟಿಗೆ ಮಾಡಿದರೆ ಬಿಟ್ಟುಹೋಗುವುದಿಲ್ಲ. ಮೂರು ತಿಂಗಳಾದ ಮೇಲೆ ಅದೇ ಕುರ್ಚಿಯಲ್ಲಿ 30 ಸೆಕೆಂಡಿನ ಎಣಿಕೆಯನ್ನು ಮತ್ತೆ ಮಾಡಿ ನೋಡಿ. ಇನ್‌ಶಾ ಅಲ್ಲಾಹ್, ವ್ಯತ್ಯಾಸ ನಿಮಗೇ ತಿಳಿಯುತ್ತದೆ.