ಎತ್ತರದ ಕಟ್ಟಡ ಚೆಂದವೇ? ಬಿಸಿಲನ್ನೂ ಒಂದು ಮಾತು ಕೇಳಿ



ತೆಕ್ಕಲಕೋಟೆಯಲ್ಲಿ ಗಗನಚುಂಬಿ ಕಟ್ಟಡಗಳಿಲ್ಲ. ಅಲ್ಲಿ ತಲೆ ಎತ್ತಿ ನೋಡಬೇಕಾದದ್ದು ಊರ ಮಗ್ಗುಲಿನ ಕಲ್ಲುಗುಡ್ಡಗಳನ್ನು. ಆದರೆ ಗಗನಚುಂಬಿ ಕಟ್ಟಡಗಳ ಚಿತ್ರ ನೋಡದ ಮಕ್ಕಳು ಅಲ್ಲಿಯೂ ಇರಲಾರರು. ಟಿ.ವಿ.ಯಲ್ಲಿ, ಕ್ಯಾಲೆಂಡರಿನಲ್ಲಿ, ಮೊಬೈಲಿನಲ್ಲಿ ದುಬೈ, ನ್ಯೂಯಾರ್ಕ್, ಬೆಂಗಳೂರಿನ ಎತ್ತರದ ಕಟ್ಟಡಗಳನ್ನು ನೀವೂ ನೋಡಿರುತ್ತೀರಿ. ಅಂಥ ಒಂದು ಚಿತ್ರವನ್ನು ತರಗತಿಯಲ್ಲಿ ತೋರಿಸಿದರೆ ಸಾಕು, ಎರಡು ಪಕ್ಷಗಳಾಗುತ್ತವೆ. "ಅಬ್ಬಾ, ಕನ್ನಡಿಯ ಹಾಗೆ ಹೇಗೆ ಹೊಳೆಯುತ್ತದೆ!" ಎಂದು ಕೆಲವರು. "ಇದರಲ್ಲೇನು ಚೆಂದ? ಬೆಂಕಿಪೊಟ್ಟಣವನ್ನು ನೆಟ್ಟಗೆ ನಿಲ್ಲಿಸಿದ ಹಾಗಿದೆ" ಎಂದು ಉಳಿದವರು.

ಯಾರು ಹೇಳಿದ್ದು ಸರಿ? ಚೆಂದವನ್ನು ಅಳೆಯುವ ಅಳತೆಪಟ್ಟಿ ಯಾರ ಬಳಿಯೂ ಇಲ್ಲ. ಆದರೆ ಒಂದು ಕಟ್ಟಡ ತಾನು ನಿಂತ ಊರಿನ ಬಿಸಿಲು, ಗಾಳಿ, ಮಳೆಗೆ ಹೊಂದುತ್ತದೆಯೇ ಎಂಬುದನ್ನು ಅಳೆಯಬಹುದು. ಹಾಗೆ ಹೊಂದದ ಕಟ್ಟಡ ಎಷ್ಟೇ ಹೊಳೆದರೂ ಅದನ್ನು ಚೆಂದ ಎನ್ನಲು ನಾನು ಒಪ್ಪುವುದಿಲ್ಲ. ಏಕೆ ಎಂದು ಹೇಳುತ್ತೇನೆ. ಓದಿ ನೋಡಿ. ಒಪ್ಪಿಗೆಯಾಗದಿದ್ದರೆ ಕಾರಣ ಕೊಟ್ಟು ವಾದಿಸಿ.

ಗೋಡೆಯ ಹೊರೆ ಇಳಿಯಿತು

ಮೊದಲು ಎತ್ತರದ ಕಟ್ಟಡಗಳಿಗೆ ಈ ರೂಪ ಹೇಗೆ ಬಂತು ಎಂದು ತಿಳಿಯೋಣ. ಹಿಂದಿನ ಕಾಲದಲ್ಲಿ ಗೋಡೆಯೇ ಕಟ್ಟಡದ ಭಾರ ಹೊರಬೇಕಿತ್ತು. ಎತ್ತರ ಹೆಚ್ಚಿದಂತೆ ಕೆಳಗಿನ ಗೋಡೆಯನ್ನು ದಪ್ಪ ಮಾಡಬೇಕಾಗುತ್ತಿತ್ತು. ಅಮೆರಿಕದ ಶಿಕಾಗೊ ನಗರದಲ್ಲಿ 1891ರಲ್ಲಿ ಇಟ್ಟಿಗೆ ಗೋಡೆಗಳ ಮೇಲೆ ನಿಲ್ಲಿಸಿದ 16 ಮಹಡಿಗಳ ಮೊನಾಡ್‌ನಾಕ್ ಕಟ್ಟಡ ಇಂದಿಗೂ ಇದೆ. ಅದರ ತಳದ ಗೋಡೆಯ ದಪ್ಪ ಸುಮಾರು 6 ಅಡಿ! ಇನ್ನೂ ಎತ್ತರಕ್ಕೆ ಹೋದರೆ ನೆಲಮಹಡಿಯಲ್ಲಿ ಗೋಡೆಯೇ ತುಂಬಿ, ಜನರಿಗೆ ಜಾಗ ಉಳಿಯುವುದು ಕಷ್ಟ.

ಅದೇ ಶಿಕಾಗೊದಲ್ಲಿ 1885ರಷ್ಟು ಹಿಂದೆಯೇ ಇನ್ನೊಂದು ದಾರಿ ತೆರೆದಿತ್ತು. ಹೋಂ ಇನ್ಶೂರೆನ್ಸ್ ಎಂಬ 10 ಮಹಡಿಗಳ ಕಟ್ಟಡದಲ್ಲಿ ಭಾರ ಹೊರುವ ಕೆಲಸವನ್ನು ಹೆಚ್ಚಾಗಿ ಕಬ್ಬಿಣ ಮತ್ತು ಉಕ್ಕಿನ ಚೌಕಟ್ಟಿಗೆ ಒಪ್ಪಿಸಿದರು. ನಮ್ಮ ದೇಹವನ್ನು ನೆನೆಯಿರಿ. ನಮ್ಮ ಭಾರ ಹೊರುವುದು ಚರ್ಮವಲ್ಲ, ಮೂಳೆ. ಕಟ್ಟಡಕ್ಕೂ ಹಾಗೆಯೇ ಮೂಳೆ ಬಂತು, ಗೋಡೆ ಬರೀ ಚರ್ಮವಾಯಿತು. ಅಷ್ಟು ಹೊತ್ತಿಗೆ ಲಿಫ್ಟ್ ಕೂಡ ಬಂದಿತ್ತು. ಹಗ್ಗ ಕಡಿದರೂ ಕೆಳಗೆ ಬೀಳದಂತೆ ತಡೆಯುವ ಲಿಫ್ಟನ್ನು ಎಲಿಷಾ ಓಟಿಸ್ ಎಂಬುವರು 1850ರ ದಶಕದಲ್ಲಿ ನ್ಯೂಯಾರ್ಕಿನ ಜನರ ಎದುರೇ ಪ್ರಯೋಗಿಸಿ ತೋರಿಸಿದ್ದರು.

ಮುಂದೆ ಢಾಕಾದಲ್ಲಿ ಓದಿ ಬೆಳೆದ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್ ಇಡೀ ಕಟ್ಟಡವನ್ನೇ ಬಿದಿರಿನಂತೆ ಕೊಳವೆಯಾಗಿ ಕಟ್ಟುವ ಉಪಾಯ ತಂದರು. ಬಿದಿರು ಒಳಗೆ ಪೊಳ್ಳು. ಅದರ ಬಲವೆಲ್ಲ ಹೊರಸುತ್ತಿನಲ್ಲಿದೆ. ಅದಕ್ಕೇ ಗಾಳಿಗೆ ಬಾಗಿದರೂ ಮುರಿಯುವುದಿಲ್ಲ. ಈ ಉಪಾಯದಿಂದ ಶಿಕಾಗೊದಲ್ಲಿ 442 ಮೀಟರ್ ಎತ್ತರದ ಸಿಯರ್ಸ್ ಗೋಪುರ ಎದ್ದಿತು. 2010ರಲ್ಲಿ ತೆರೆದ ದುಬೈನ ಬುರ್ಜ್ ಖಲೀಫಾದ ಎತ್ತರ 828 ಮೀಟರ್.

ಗೋಡೆ ಬರೀ ಚರ್ಮವಾದ ಮೇಲೆ ಅದನ್ನು ಯಾವುದರಿಂದಾದರೂ ಮಾಡಬಹುದಲ್ಲವೇ? ಹಾಗಾಗಿ ಗಾಜು ಬಂತು. 1950ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ನೆಲದಿಂದ ತುದಿಯವರೆಗೆ ಗಾಜು ಹೊದ್ದ ಚೌಕಾಕಾರದ ಕಟ್ಟಡಗಳು ಎದ್ದವು. ಅವು ನೋಡಲು ಹೊಸದಾಗಿದ್ದವು, ಅಚ್ಚುಕಟ್ಟಾಗಿದ್ದವು. ಮುಂದೆ ಜಗತ್ತಿನ ಬಹಳ ಊರುಗಳು ಅವನ್ನೇ ನಕಲು ಮಾಡಿದವು.

ಮೆಚ್ಚಿದವರು, ಜರಿದವರು

ಎತ್ತರದ ಕಟ್ಟಡಗಳ ಬಗ್ಗೆ ಜಗಳ ಹೊಸದಲ್ಲ. ಪ್ಯಾರಿಸ್ಸಿನಲ್ಲಿ ಐಫೆಲ್ ಗೋಪುರದ ಕೆಲಸ ಶುರುವಾದಾಗ, 1887ರಲ್ಲಿ, ಅಲ್ಲಿನ ಹೆಸರಾಂತ ಲೇಖಕರು ಮತ್ತು ಕಲಾವಿದರು ಅದನ್ನು ವಿರೋಧಿಸಿ ಪತ್ರಿಕೆಯಲ್ಲಿ ಪತ್ರ ಪ್ರಕಟಿಸಿದರು. ಗೋಪುರಕ್ಕೆ 20 ವರ್ಷಗಳ ಆಯುಸ್ಸಷ್ಟೇ ಗೊತ್ತಾಗಿತ್ತು. ಆದರೆ ರೇಡಿಯೊ ಸಂಕೇತಗಳನ್ನು ಕಳುಹಿಸಲು ಅದರ ಎತ್ತರ ಉಪಯೋಗಕ್ಕೆ ಬಂದು ಅದು ಉಳಿಯಿತು. ಈಗ ಐಫೆಲ್ ಗೋಪುರವಿಲ್ಲದ ಪ್ಯಾರಿಸ್ಸನ್ನು ನೆನೆಯುವುದೂ ಕಷ್ಟ.

ನಮ್ಮ ರಾಜ್ಯಕ್ಕೆ ಬರೋಣ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ 1973ರಲ್ಲಿ 25 ಮಹಡಿಗಳ ಪಬ್ಲಿಕ್ ಯುಟಿಲಿಟಿ ಕಟ್ಟಡ ಎದ್ದಿತು. ಅದರ ಎತ್ತರ ಸುಮಾರು 106 ಮೀಟರ್. ಬಹಳ ಕಾಲ ಅದೇ ಆ ನಗರದ ಅತಿ ಎತ್ತರದ ಕಟ್ಟಡವಾಗಿತ್ತು. ಊರಿಂದ ಹೋದವರು ಕತ್ತು ನೋಯುವವರೆಗೆ ಮೇಲೆ ನೋಡಿ ಮಹಡಿ ಎಣಿಸುತ್ತಿದ್ದರು. ಮರಗಳ ನೆರಳು, ತಗ್ಗು ಬಂಗಲೆಗಳ ಬೆಂಗಳೂರನ್ನು ಪ್ರೀತಿಸುವವರಿಗೆ ಮಾತ್ರ ಅಂಥ ಕಟ್ಟಡ ಸಾಲು ತಪ್ಪಿ ನಿಂತ ಹುಡುಗನಂತೆ ಕಾಣುತ್ತದೆ. ಆಮೇಲೆ ಬಂದ ಯುಬಿ ಟವರ್‌ನ ಮೆಟ್ಟಿಲು ಮೆಟ್ಟಿಲಾದ ತುದಿಯನ್ನು ನೋಡಿ ಕೆಲವರು "ಎಷ್ಟು ಗಂಭೀರ!" ಎಂದರೆ, ಇನ್ನು ಕೆಲವರು "ಇದು ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ನೆರಳು" ಎನ್ನುತ್ತಾರೆ.

ಇಲ್ಲಿಯವರೆಗೆ ಇದು ಬರೀ ಇಷ್ಟ, ಅನಿಷ್ಟದ ಮಾತು. ನಿಮಗೆ ಹೋಳಿಗೆ ಇಷ್ಟ, ನಿಮ್ಮ ಗೆಳೆಯನಿಗೆ ಮಂಡಕ್ಕಿ ಇಷ್ಟ ಎಂದ ಹಾಗೆ. ಆದರೆ ಕಟ್ಟಡದ ರೂಪ ಊಟದ ರುಚಿಯಂತೆ ಒಬ್ಬರದೇ ವಿಷಯವಲ್ಲ. ಅದು ರಸ್ತೆಯಲ್ಲಿ ಹೋಗುವವರಿಗೂ ತಟ್ಟುತ್ತದೆ.

ಇದಕ್ಕೆ ಲಂಡನ್ನಿನಲ್ಲಿ ನಡೆದ ನಿಜ ಸಂಗತಿ ಕೇಳಿ. ಅಲ್ಲಿ ಸುಮಾರು 160 ಮೀಟರ್ ಎತ್ತರದ ಒಂದು ಗಾಜಿನ ಕಟ್ಟಡವಿದೆ. ರೂಪ ನೋಡಿ ಜನ ಅದನ್ನು 'ವಾಕಿಟಾಕಿ' ಎಂದು ಕರೆಯುತ್ತಾರೆ. ಅದರ ಒಂದು ಮುಖ ಒಳಕ್ಕೆ ಬಾಗಿದೆ. ನಿಮ್ಮ ವಿಜ್ಞಾನ ಪಾಠದಲ್ಲಿ ನಿಮ್ನ ದರ್ಪಣ ಬರುತ್ತದಲ್ಲ? ಚಮಚದ ಒಳಮುಖದಂತೆ ಬಾಗಿ, ಬೆಳಕಿನ ಕಿರಣಗಳನ್ನು ಒಂದೆಡೆ ಕೂಡಿಸುವ ಕನ್ನಡಿ. ಆ ಕಟ್ಟಡ ಅದನ್ನೇ ಮಾಡಿತು! 2013ರ ಬೇಸಿಗೆಯಲ್ಲಿ, ಕಟ್ಟುವ ಕೆಲಸ ಇನ್ನೂ ನಡೆಯುತ್ತಿದ್ದಾಗಲೇ, ಅದರ ಗಾಜು ಬಿಸಿಲನ್ನು ಕೂಡಿಸಿ ಎದುರಿನ ರಸ್ತೆಗೆ ಎಸೆಯಿತು. ಅಲ್ಲಿ ನಿಂತಿದ್ದ ಒಂದು ಕಾರಿನ ಭಾಗಗಳು ಕರಗಿ ಸೊಟ್ಟಗಾದವು. ಆಮೇಲೆ ಗಾಜಿನ ಹೊರಗೆ ಬಿಸಿಲು ತಡೆಯುವ ಪಟ್ಟಿಗಳನ್ನು ಹಾಕಬೇಕಾಯಿತು. ಬಿಸಿಲು ಕಡಿಮೆ ಇರುವ ಲಂಡನ್ನಿನಲ್ಲೇ ಹೀಗಾದರೆ, ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಏನಾಗಬಹುದು, ಯೋಚಿಸಿ.

ಗಾಜಿನೊಳಗೆ ಸಿಕ್ಕಿಬಿದ್ದ ಬಿಸಿಲು

ಬಿಸಿಲಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ್ದ ಬಸ್ಸು ಹತ್ತಿದ್ದೀರಾ? ಒಳಗೆ ಒಲೆಯ ಹಾಗೆ ಇರುತ್ತದೆ. ಕಾರಣ ಸರಳ. ಗಾಜು ಸೂರ್ಯನ ಬೆಳಕನ್ನು ಒಳಗೆ ಬಿಡುತ್ತದೆ. ಒಳಗಿನ ನೆಲ, ಸೀಟು, ಮೇಜು ಆ ಬೆಳಕನ್ನು ಹೀರಿ ಬಿಸಿಯಾಗುತ್ತವೆ. ಬಿಸಿಯಾದ ವಸ್ತುಗಳು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ಹೊರಸೂಸುತ್ತವೆ. ಈ ಕಿರಣಗಳು ಗಾಜಿನ ಮೂಲಕ ನೇರವಾಗಿ ಹೊರಗೆ ಹೋಗಲಾರವು. ಬಿಸಿ ಗಾಳಿಗೂ ಹೊರದಾರಿಯಿಲ್ಲ. ಬಂದ ಶಾಖ ಒಳಗೇ ಉಳಿಯುತ್ತದೆ.

ಲಂಡನ್ ಸಮಭಾಜಕ ವೃತ್ತದಿಂದ ಉತ್ತರಕ್ಕೆ 51 ಡಿಗ್ರಿಗೂ ಆಚೆ ಇದೆ. ಅಲ್ಲಿ ಸೂರ್ಯ ಎಂದೂ ನೆತ್ತಿಯ ಮೇಲೆ ಬರುವುದಿಲ್ಲ. ಚಳಿಗಾಲದಲ್ಲಿ ಗಾಜಿನ ಮೂಲಕ ಬರುವ ಬಿಸಿಲು ಅಲ್ಲಿನವರಿಗೆ ಹಿತ. ತೆಕ್ಕಲಕೋಟೆ ಇರುವುದು ಸುಮಾರು 15.5 ಡಿಗ್ರಿಯಲ್ಲಿ. ಮೇ ಮೊದಲ ವಾರದಲ್ಲಿ ಮತ್ತು ಆಗಸ್ಟ್ ಎರಡನೆಯ ವಾರದ ಹೊತ್ತಿಗೆ ಒಂದೊಂದು ದಿನ ಸೂರ್ಯ ಅಲ್ಲಿ ನಡುನೆತ್ತಿಗೇ ಬರುತ್ತಾನೆ. ಆ ಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಬೇಸಿಗೆಯಲ್ಲಿ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವುದು ನಮ್ಮ ಜಿಲ್ಲೆಗೆ ಮಾಮೂಲು. ಸಂಜೆ ಇಳಿಯುವ ಸೂರ್ಯನಂತೂ ಪಶ್ಚಿಮದ ಗೋಡೆಗೆ ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತಾನೆ. ಅಲ್ಲಿ ಗಾಜಿದ್ದರೆ ಒಳಗಿರುವವರ ಪಾಡೇನು?

"ಏ.ಸಿ. ಹಾಕಿದರಾಯಿತು" ಎನ್ನುವಿರಾ? ಏ.ಸಿ. ಶಾಖವನ್ನು ಇಲ್ಲವಾಗಿಸುವುದಿಲ್ಲ. ಒಳಗಿನದನ್ನು ಹೊರಗೆ ದಬ್ಬುತ್ತದೆ, ಅದಕ್ಕೆ ವಿದ್ಯುತ್ತನ್ನೂ ತಿನ್ನುತ್ತದೆ. ಒಳಗೆ ಕುಳಿತವರಿಗೆ ತಂಪು. ಹೊರಗೆ ತಳ್ಳುಗಾಡಿಯಲ್ಲಿ ಹಣ್ಣು ಮಾರುವವರಿಗೆ ಇನ್ನಷ್ಟು ಬಿಸಿ. ಗಾಜಿನಲ್ಲಿ ಕಾಣುವ ಆಕಾಶವನ್ನು ನಿಜವೆಂದು ನಂಬಿ ಹಕ್ಕಿಗಳು ಬಡಿದು ಸಾಯುವುದೂ ಉಂಟು.

ಮಾಡಿ ನೋಡಿ

ಒಂದೇ ಅಳತೆಯ ಮೂರು ರಟ್ಟಿನ ಪೆಟ್ಟಿಗೆ ತೆಗೆದುಕೊಳ್ಳಿ. ಪ್ರತಿಯೊಂದರ ಒಂದು ಬದಿ ಕತ್ತರಿಸಿ, ಶಿಕ್ಷಕರ ಸಹಾಯದಿಂದ ಗಾಜಿನ ಹಾಳೆ ಜೋಡಿಸಿ. ಮೊದಲನೆಯದನ್ನು ಹಾಗೆಯೇ ಬಿಡಿ. ಎರಡನೆಯದಕ್ಕೆ ಗಾಜಿನ ಒಳಗೆ ಬಿಳಿ ಕಾಗದದ ಪರದೆ ಕಟ್ಟಿ. ಮೂರನೆಯದಕ್ಕೆ ಅದೇ ಕಾಗದವನ್ನು ಗಾಜಿನ ಹೊರಗೆ, ನಾಲ್ಕು ಬೆರಳು ದೂರದಲ್ಲಿ ನಿಲ್ಲಿಸಿ. ಮೂರರ ಒಳಗೂ ಒಂದೊಂದು ಪ್ರಯೋಗಾಲಯದ ಉಷ್ಣತಾಮಾಪಕ ಇಟ್ಟು, ಗಾಜಿನ ಮುಖ ಬಿಸಿಲಿಗೆ ತಿರುಗಿಸಿ. ಹತ್ತು ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಳ್ಳಿ. ಯಾವುದು ಹೆಚ್ಚು ಬಿಸಿ? ಪರದೆ ಒಳಗಿರುವುದು ಒಳ್ಳೆಯದೋ, ಹೊರಗಿರುವುದೋ? ಉತ್ತರವನ್ನು ಮೊದಲೇ ಊಹಿಸಿ ಬರೆದಿಡಿ. ಆಮೇಲೆ ಹೋಲಿಸಿ.

ವರಾಂಡ ಆಕಾಶಕ್ಕೇರಿತು

ಹಾಗಾದರೆ ಎತ್ತರದ ಕಟ್ಟಡಗಳೇ ಬೇಡವೇ? ಹಾಗೆ ಹೇಳಲಾರೆ. ನೂರು ಕುಟುಂಬಗಳು ಒಂದರ ಮೇಲೊಂದು ವಾಸಿಸಿದರೆ ಅಷ್ಟು ಹೊಲ, ಅಷ್ಟು ಮರ ಉಳಿಯಬಹುದು. ಶಾಖವನ್ನು ಒಂದಿಷ್ಟು ತಡೆಯುವ ಲೇಪನದ ಗಾಜು ಕೂಡ ಈಗ ಸಿಗುತ್ತದೆ. ಗಾಜಿನಿಂದ ಹಗಲು ಬೆಳಕು ಬರುತ್ತದೆ, ದೀಪ ಬೇಡ ಎನ್ನುವವರ ಮಾತಿನಲ್ಲೂ ಸತ್ಯವಿದೆ. ಆದರೆ ಬಿಸಿಲು ತಾಳದೆ ದಿನವಿಡೀ ಪರದೆ ಎಳೆದು, ಒಳಗೆ ದೀಪ ಹಚ್ಚಿದರೆ ಆ ಬೆಳಕಿನ ಲಾಭವೆಲ್ಲಿ ಉಳಿಯಿತು?

ಎತ್ತರವೂ ಇರಬೇಕು, ಬಿಸಿಲಿಗೆ ಉತ್ತರವೂ ಇರಬೇಕು ಎಂದು ಯೋಚಿಸಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಮುಂಬಯಿಯಲ್ಲಿ ಅವರು ರೂಪಿಸಿದ 28 ಮಹಡಿಗಳ ಕಾಂಚನಜುಂಗಾ ಎಂಬ ವಸತಿ ಕಟ್ಟಡ 1983ರಲ್ಲಿ ಪೂರ್ಣಗೊಂಡಿತು. ಅಲ್ಲಿ ಸಮುದ್ರದ ಗಾಳಿ ಬೇಕೆಂದರೆ ಮನೆ ಪಶ್ಚಿಮಕ್ಕೆ ತೆರೆಯಬೇಕು. ಆದರೆ ಸಂಜೆಯ ಬಿಸಿಲು, ಮುಂಗಾರು ಮಳೆ ಬಡಿಯುವುದೂ ಅದೇ ದಿಕ್ಕಿನಿಂದ. ಹಳೆಯ ಬಂಗಲೆಗಳಲ್ಲಿ ಸುತ್ತಲೂ ವರಾಂಡ ಇರುತ್ತಿತ್ತು. ಕೊರಿಯಾ ಆ ವರಾಂಡವನ್ನೇ ಮೇಲಕ್ಕೆ ಒಯ್ದರು. ಕಟ್ಟಡದ ಮೂಲೆಗಳನ್ನು ಕೊರೆದು, ಎರಡು ಮಹಡಿ ಎತ್ತರದ ನೆರಳಿನ ಅಂಗಳಗಳನ್ನು ಮಾಡಿದರು. ಅದು ಹೊಳೆಯುವುದಿಲ್ಲ. ಆದರೆ ಪ್ರತಿ ಕೊರೆತಕ್ಕೂ ಒಂದು ಕಾರಣವಿದೆ. ನನ್ನ ಕಣ್ಣಿಗೆ ಚೆಂದವೆಂದರೆ ಅದು. ನಿಮ್ಮ ಶಾಲೆಯ ವರಾಂಡ ಕೂಡ ಅದೇ ಕೆಲಸವನ್ನು ದಿನವೂ ಮಾಡುತ್ತಿದೆ. ಮೇಲಿನ ಪ್ರಯೋಗದ ಮೂರನೆಯ ಪೆಟ್ಟಿಗೆ ಅದೇ ತಾನೆ?

ಗುಡ್ಡದ ಮೇಲಿನ ಗುಂಡು ಮನೆಗಳು

ತೆಕ್ಕಲಕೋಟೆಗೆ ಈ ಪಾಠ ಹೊಸದೇನಲ್ಲ. ಅಲ್ಲಿನ ಕಲ್ಲುಗುಡ್ಡದಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಅವರು 1960ರ ದಶಕದಲ್ಲಿ ಉತ್ಖನನ ನಡೆಸಿದಾಗ ನವಶಿಲಾಯುಗದ ಜನರ ಮನೆಗಳ ಗುರುತು ಸಿಕ್ಕಿತು. 3,500 ವರ್ಷಗಳಿಗೂ ಹಿಂದಿನ ಗುಂಡು ಮನೆಗಳು! ಕಂಬ ನೆಟ್ಟು, ತಡಿಕೆ ಕಟ್ಟಿ, ಮಣ್ಣು ಮೆತ್ತಿದ ಗೋಡೆಗಳು. ಸುತ್ತಮುತ್ತ ಸಿಗುವ ವಸ್ತುಗಳಿಂದಲೇ ಕಟ್ಟಿದವು.

ಮಳೆ ಕಡಿಮೆಯಾದ ನಮ್ಮ ಸೀಮೆಯ ಮಾಳಿಗೆ ಮನೆಗಳನ್ನೂ ನೋಡಿ. ದಪ್ಪ ಗೋಡೆ, ಮೇಲೆ ದಪ್ಪ ಮಣ್ಣು, ಬೆಳಕಿಗೆ ಬೆಳಕಿಂಡಿ. ಹಗಲಿನ ಶಾಖ ಆ ಗೋಡೆಯನ್ನು ದಾಟಿ ಒಳಗೆ ಬರಲು ಗಂಟೆಗಟ್ಟಲೆ ಬೇಕು. ಅದು ಬರುವ ಹೊತ್ತಿಗೆ ರಾತ್ರಿಯಾಗಿ, ಮನೆಯವರು ಮಾಳಿಗೆಯ ಮೇಲೆ ಹಾಸಿಗೆ ಹಾಸಿರುತ್ತಾರೆ. ಈ ಮನೆಗಳಲ್ಲಿ ಕುಂದಿಲ್ಲವೆಂದಲ್ಲ. ಜೋರು ಮಳೆಗೆ ಸೋರುತ್ತವೆ, ಆಗಾಗ ಮಣ್ಣು ಹಾಕಬೇಕು, ಒಳಗೆ ಕತ್ತಲೆ. ಆ ಕುಂದನ್ನು ತಿದ್ದೋಣ. ಆದರೆ ಅವು ಕಲಿಸಿದ ಪಾಠವನ್ನೂ ಎಸೆಯಬೇಕೇ?

ಈಗ ನಮ್ಮ ಊರುಗಳ ಮುಖ್ಯರಸ್ತೆಗಳಿಗೂ ನೀಲಿ ಗಾಜು ಬರುತ್ತಿದೆ. ಎರಡು ಮಹಡಿಯ ಅಂಗಡಿಗೂ ಗಾಜಿನ ಮುಖ. "ಈಗ ನಮ್ಮೂರೂ ಸಿಟಿ ಆಯಿತು" ಎಂಬ ಹೆಮ್ಮೆ. ಇದರ ಜೊತೆಗೆ ಮಾಳಿಗೆ ಮನೆಯಲ್ಲಿರುವ ಮಕ್ಕಳಿಗೆ ತಮ್ಮ ಮನೆ ಹೇಳಿಕೊಳ್ಳಲು ನಾಚಿಕೆ. ನನಗೆ ಬೇಸರವಾಗುವುದು ಇದಕ್ಕೇ. ನಾಚಬೇಕಾದದ್ದು ಮಣ್ಣಿನ ಗೋಡೆಯಲ್ಲ, ಬಿಸಿಲಿನ ಊರಿಗೆ ಚಳಿಯ ಊರಿನ ಅಂಗಿ ತೊಡಿಸುವ ಬುದ್ಧಿ.

ಇಂದು ಆರು, ಏಳನೆಯ ತರಗತಿಯಲ್ಲಿರುವ ನೀವು ನಾಳೆ ಮನೆ ಕಟ್ಟಿಸುವವರು. ನಿಮ್ಮಲ್ಲಿ ಕೆಲವರು ಮೇಸ್ತ್ರಿ, ಕೆಲವರು ಎಂಜಿನಿಯರ್, ಕೆಲವರು ಪಟ್ಟಣ ಪಂಚಾಯಿತಿಯ ಸದಸ್ಯರಾಗುತ್ತೀರಿ. ಮುಂದಿನ 50 ವರ್ಷ ನಮ್ಮ ಊರುಗಳು ಹೇಗೆ ಕಾಣಬೇಕು, ಒಳಗಿರುವವರಿಗೆ ಎಷ್ಟು ತಂಪಾಗಿರಬೇಕು ಎಂದು ತೀರ್ಮಾನಿಸುವವರು ನೀವು. ಆದ್ದರಿಂದ ಯಾವುದೇ ಕಟ್ಟಡ ನೋಡಿದಾಗ ಚೆಂದ ಅಥವಾ ಚೆಂದವಲ್ಲ ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ನಾಲ್ಕು ಪ್ರಶ್ನೆ ಕೇಳಿ.

1. ಇದರ ಪಶ್ಚಿಮದ ಗೋಡೆ ಬಿಸಿಲಿಗೆ ಏನು ಉತ್ತರ ಕೊಟ್ಟಿದೆ?
2. ಕರೆಂಟು ಹೋದರೆ ಒಳಗೆ ಕುಳಿತುಕೊಳ್ಳಲು ಆಗುತ್ತದೆಯೇ?
3. ಮುಂದೆ ನಡೆದುಹೋಗುವವರಿಗೆ ನೆರಳು ಕೊಡುತ್ತದೆಯೋ, ಬಿಸಿ ಕೊಡುತ್ತದೆಯೋ?
4. ಈ ರೂಪ ಈ ಊರಿಗಾಗಿ ಹುಟ್ಟಿದ್ದೋ, ಬೇರೆಡೆಯ ನಕಲೋ?

ನಿಮ್ಮ ಊರಿನ ಒಂದು ಹಳೆಯ ಮತ್ತು ಒಂದು ಹೊಸ ಕಟ್ಟಡ ಆರಿಸಿ, ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಆಮೇಲೆ ತರಗತಿಯಲ್ಲಿ ಚರ್ಚೆ ಇಟ್ಟುಕೊಳ್ಳಿ. ಕೊನೆಗೂ ಎರಡು ಪಕ್ಷ ಉಳಿದರೆ ಚಿಂತೆಯಿಲ್ಲ. ಎರಡೂ ಪಕ್ಷದವರ ಕೈಯಲ್ಲಿ ಕಾರಣಗಳಿದ್ದರೆ ಅಷ್ಟು ಸಾಕು.